ಡಬ್ಬದ ಮೇಲಿನ ನಂಬರು ನಂಬಿ ಕೆಟ್ಟವರುಂಟು!

ಹಳೆ ಗ್ರಾಫಿಕ್ಸ್ ಕಾರ್ಡು ತರುವ ಮುನ್ನ ಅಪ್ಪ-ಮಗ ಕೂತು ಹಾಕಬೇಕಾದ ಲೆಕ್ಕ

ರಜೆ ಬಂತೆಂದರೆ ಸಾಕು, ಕಂಪ್ಯೂಟರ್ ಇರುವ ಮನೆಗಳಲ್ಲೆಲ್ಲ ಒಂದೇ ರಾಗ. “ಅಪ್ಪಾ, ಗೇಮ್ ಆಡೋಕೆ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಡು.” ಹೊಸದರ ರೇಟು ಕೇಳಿದರೆ ಅಪ್ಪನ ತಲೆ ಗಿರ್ರೆನ್ನುತ್ತದೆ. ಮಗನ ಮುಖ ನೋಡಿದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಕೊನೆಗೆ ರಾಜಿ ಆಗುವುದು ಸೆಕೆಂಡ್ ಹ್ಯಾಂಡ್ ಮಾಲಿನ ಮೇಲೆ.

ಬೆಳಗಿನ ಬಸ್ಸಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತರುವವರಿದ್ದಾರೆ. ಊರಿನ ರಿಪೇರಿ ಅಂಗಡಿಯಲ್ಲೇ ವಿಚಾರಿಸುವವರಿದ್ದಾರೆ. ಮೊಬೈಲಿನಲ್ಲಿ ಜಾಹೀರಾತು ನೋಡಿ, ಗುರುತು ಪರಿಚಯ ಇಲ್ಲದವರ ಮನೆ ಬಾಗಿಲು ತಟ್ಟುವವರೂ ಇದ್ದಾರೆ. ತಂದದ್ದು ಓಡಿದರೆ ಪುಣ್ಯ. ಓಡದಿದ್ದರೆ ಹೋದ ದುಡ್ಡು ಹೋಯಿತು, ಜೊತೆಗೆ ಮನೆಯಲ್ಲಿ ಮುನಿಸು ಬೇರೆ. “ನೀನೇ ಕೇಳಿದ್ದಲ್ಲವೇನೋ” ಅಂತ ಅಪ್ಪ, “ಅಂಗಡಿಯವನು ಹೇಳಿದ್ದಕ್ಕೆ ಹೂಂ ಅಂದದ್ದು ನೀನೇ” ಅಂತ ಮಗ.

ಇಲ್ಲಿ ತಪ್ಪು ಅಪ್ಪನದ್ದೂ ಅಲ್ಲ, ಮಗನದ್ದೂ ಅಲ್ಲ. ತಪ್ಪು ಡಬ್ಬದ ಮೇಲಿನ ನಂಬರಿನದು.

ಬಸ್ಸಿನ ನಂಬರು, ಬಸ್ಸಿನ ವೇಗ

ಎನ್‌ವಿಡಿಯಾ ಕಂಪನಿಯ ಎರಡು ಕಾರ್ಡು ಮೇಜಿನ ಮೇಲಿವೆ ಎಂದಿಟ್ಟುಕೊಳ್ಳಿ. ಒಂದು ಜಿಟಿಎಕ್ಸ್ 970, ಇನ್ನೊಂದು ಜಿಟಿ 1030. ಮೊದಲನೆಯದು 2014ರ ಸೆಪ್ಟೆಂಬರಿನದು, ಎರಡನೆಯದು 2017ರ ಮೇ ತಿಂಗಳಿನದು. ಯಾವುದು ಜೋರು?

ಎಂಥವರೂ 1030 ಎಂದೇ ಹೇಳುತ್ತಾರೆ. ನಂಬರೂ ದೊಡ್ಡದು, ಮಾಲೂ ಹೊಸದು. ಆದರೆ ಒಳಗೆ ನೋಡಿದರೆ ಕಥೆಯೇ ಬೇರೆ. 970ರಲ್ಲಿ ಲೆಕ್ಕ ಹಾಕುವ ಪುಟ್ಟ ಘಟಕಗಳು, ಅಂದರೆ ಕೋರ್‌ಗಳು, 1664. ಜಿಟಿ 1030ರಲ್ಲಿ ಬರೀ 384! ಆಟಕ್ಕೆ ಕೂತರೆ ಹೊಸದು ಹಳೆಯದರ ಹತ್ತಿರವೂ ಸುಳಿಯುವುದಿಲ್ಲ.

ಬಸ್ಸಿನ ನಂಬರು ದೊಡ್ಡದಾದರೆ ಬಸ್ಸು ಬೇಗ ಹೋಗುತ್ತದೆಯೇ ಸ್ವಾಮಿ? ಇಲ್ಲವಲ್ಲ. ಇದೂ ಹಾಗೇ. ಎನ್‌ವಿಡಿಯಾದ ಈ ನಂಬರುಗಳಲ್ಲಿ ಮುಂದಿನ ಅಂಕಿ ತಲೆಮಾರನ್ನು ಹೇಳುತ್ತದೆ, ಕೊನೆಯ ಎರಡು ಅಂಕಿ ಆ ತಲೆಮಾರಿನೊಳಗಿನ ಸ್ಥಾನವನ್ನು ಹೇಳುತ್ತವೆ. 970 ಎಂದರೆ ಒಂಬತ್ತನೇ ತಲೆಮಾರಿನ ಎಪ್ಪತ್ತು. 1030 ಎಂದರೆ ಹತ್ತನೇ ತಲೆಮಾರಿನ ಮೂವತ್ತು. ಮೂವತ್ತು, ನಲವತ್ತು ಎಂದು ಮುಗಿಯುವುದು ಸಾಮಾನ್ಯವಾಗಿ ಪರದೆ ಬೆಳಗಿಸುವುದಕ್ಕೆ. ಐವತ್ತರಿಂದ ಮೇಲಕ್ಕೆ ಆಟದ ಮಾತು.

ಕಾರ್ಡು ಮಾಡುವ ಕೆಲಸವಾದರೂ ಏನು?

ಇವತ್ತು ಸಾಮಾನ್ಯವಾದ 1080ಪಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಗುಣಿಸಿದರೆ 20,73,600. ಆಟ ನುಣುಪಾಗಿ ಓಡಬೇಕಾದರೆ ಸೆಕೆಂಡಿಗೆ 60 ಚಿತ್ರ ಬರೆಯಬೇಕು. ಅಂದರೆ ಪ್ರತಿ ಸೆಕೆಂಡಿಗೆ ಸುಮಾರು 12 ಕೋಟಿ 44 ಲಕ್ಷ ಚುಕ್ಕಿಗೆ ಬಣ್ಣ ಹಚ್ಚಬೇಕು! ಟಾಕೀಸಿನ ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರ ಸಾಕು, ಅಲ್ಲಿ ನೋಡುವುದಷ್ಟೇ ಕೆಲಸ. ಆಟದಲ್ಲಿ ಕೈ ಒತ್ತಿದ ಕೂಡಲೇ ಪರದೆ ತಿರುಗಬೇಕು. 30ಕ್ಕಿಂತ ಕೆಳಗೆ ಇಳಿದರೆ ಹುಡುಗರು “ಲ್ಯಾಗ್, ಲ್ಯಾಗ್” ಎಂದು ಕೂಗುವುದು ಇದಕ್ಕೇ.

ಅಂಗಡಿಯವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಕೋರ್‌ಗಳು ಕೌಂಟರಿನ ಹುಡುಗರು. ಕಾರ್ಡಿನ ಮೆಮೊರಿ ಹಿಂದಿನ ಗೋಡೌನು. ಗೋಡೌನಿನಿಂದ ಕೌಂಟರಿಗೆ ಮಾಲು ಬರುವ ಬಾಗಿಲಿನ ಅಗಲಕ್ಕೆ ಬ್ಯಾಂಡ್‌ವಿಡ್ತ್ ಎಂದು ಹೆಸರು. ಹುಡುಗರು ಇಪ್ಪತ್ತು ಜನ ಇದ್ದು ಬಾಗಿಲು ಕಿರಿದಾದರೆ ಎಲ್ಲರೂ ಕೈಕಟ್ಟಿ ನಿಲ್ಲಬೇಕು. ಗೋಡೌನು ಚಿಕ್ಕದಾದರೆ ಮಾಲಿಗಾಗಿ ಊರಾಚೆಯ ಮಂಡಿಗೆ ಓಡಬೇಕು. ಇಲ್ಲಿ ಮಂಡಿ ಎಂದರೆ ಕಂಪ್ಯೂಟರಿನ ಸ್ವಂತ ಮೆಮೊರಿ. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಆಟ ಗಕ್ಕನೆ ನಿಂತು ಮತ್ತೆ ಹೊರಡುತ್ತದೆ.

ಮೂರನ್ನೂ ಒಟ್ಟಿಗೆ ನೋಡಬೇಕು. ಅಂಗಡಿಯಲ್ಲಿ “4 ಜಿಬಿ ಸಾರ್, 4 ಜಿಬಿ!” ಎಂದು ಗೋಡೌನಿನ ಸೈಜು ಮಾತ್ರ ಕೂಗಿದರೆ ಕಿವಿ ನಿಮಿರಬೇಕು. ಜಿಟಿ 730 ಎಂಬ ಕಾರ್ಡು 4 ಜಿಬಿಯಲ್ಲೂ ಸಿಗುತ್ತದೆ. ಅದರ ಡಿಡಿಆರ್3 ಮೆಮೊರಿಯ 64 ಬಿಟ್ ಮಾದರಿಯ ಬಾಗಿಲಿನಲ್ಲಿ ಸೆಕೆಂಡಿಗೆ ಸುಮಾರು 14 ಜಿಬಿ ಮಾತ್ರ ದಾಟುತ್ತದೆ. ಅದೇ 4 ಜಿಬಿಯ ಜಿಟಿಎಕ್ಸ್ 1050 ಟಿಐ ಕಾರ್ಡಿನಲ್ಲಿ 112 ಜಿಬಿ. ಎಂಟು ಪಟ್ಟು! ಗೋಡೌನು ಒಂದೇ ಅಳತೆ, ಬಾಗಿಲಿಗೂ ಬಾಗಿಲಿಗೂ ಆಕಾಶ ಭೂಮಿಯ ಅಂತರ.

2016ರ ಕುಸ್ತಿ ಇನ್ನೂ ಮುಗಿದಿಲ್ಲ

ಹಳೆ ಮಾಲಿನ ಪೇಟೆಯಲ್ಲಿ ಹೆಚ್ಚು ಕೇಳಿಬರುವ ಪ್ರಶ್ನೆ ಒಂದೇ: “1060 ತಗೊಳ್ಳೋದಾ, 580 ತಗೊಳ್ಳೋದಾ?” ಈ ಜಟ್ಟಿಗಳ ಕುಸ್ತಿಗೆ ಹತ್ತು ವರ್ಷದ ಇತಿಹಾಸವಿದೆ.

2016ರ ಜೂನ್ 29ರಂದು ಎಎಂಡಿ ಕಂಪನಿ ಆರ್‌ಎಕ್ಸ್ 480 ಬಿಡುಗಡೆ ಮಾಡಿತು. 8 ಜಿಬಿಯದಕ್ಕೆ ಅಮೆರಿಕದಲ್ಲಿ 239 ಡಾಲರ್. ಮೂರು ವಾರ ಕಳೆಯುವಷ್ಟರಲ್ಲಿ, ಜುಲೈ 19ಕ್ಕೆ, ಎನ್‌ವಿಡಿಯಾ ಜಿಟಿಎಕ್ಸ್ 1060 ಅಖಾಡಕ್ಕಿಳಿಸಿತು. 6 ಜಿಬಿ, 249 ಡಾಲರ್. 2017ರ ಏಪ್ರಿಲಿನಲ್ಲಿ ಎಎಂಡಿ ಅದೇ 480ರ ಚಿಪ್ಪನ್ನು ಇನ್ನಷ್ಟು ವೇಗಕ್ಕೆ ಏರಿಸಿ ಆರ್‌ಎಕ್ಸ್ 580 ಎಂದು ಹೆಸರಿಟ್ಟಿತು.

480ರಲ್ಲಿ ಕೋರ್ 2304, 1060ರಲ್ಲಿ 1280. ಹಾಗಾದರೆ ಗೆದ್ದದ್ದು 480 ಅಲ್ಲವೇ? ಅಲ್ಲ! ಎರಡು ಬೇರೆ ಕಂಪನಿಗಳ ಆಳುಗಳನ್ನು ತಲೆ ಎಣಿಸಿ ತೂಗಲಾಗದು. ಒಬ್ಬೊಬ್ಬನ ಚುರುಕು ಬೇರೆ. 1060 ಸೆಕೆಂಡಿಗೆ ಸುಮಾರು 170 ಕೋಟಿ ಹೆಜ್ಜೆ ಹಾಕಿದರೆ 480 ಹಾಕುವುದು ಸುಮಾರು 126 ಕೋಟಿ. ಬಂದ ಹೊಸದರಲ್ಲಿ ಹೆಚ್ಚಿನ ಆಟಗಳಲ್ಲಿ 1060 ಒಂದು ಕೈ ಮೇಲೆಯೇ ಇತ್ತು. ಕರೆಂಟು ಕುಡಿಯುವುದೂ ಕಡಿಮೆ: 480ಕ್ಕೆ 150 ವ್ಯಾಟ್, 1060ಕ್ಕೆ 120. 480 ಮೇಲೆ ಇನ್ನೊಂದು ಅಪವಾದವೂ ಬಂತು. ಮದರ್‌ಬೋರ್ಡಿನ ಸ್ಲಾಟಿನಿಂದ ಎಳೆಯಬಹುದಾದ 75 ವ್ಯಾಟ್ ಮಿತಿಯನ್ನು ಅದು ದಾಟುತ್ತಿದೆ ಎಂದು ಗುಲ್ಲಾಯಿತು. ಕಂಪನಿ 2016ರ ಜುಲೈನಲ್ಲೇ ಹೊಸ ಡ್ರೈವರ್ ಕೊಟ್ಟು ಅದನ್ನು ಸರಿಪಡಿಸಿತು.

ಆದರೆ ಕುಸ್ತಿ ಅಲ್ಲಿಗೇ ನಿಲ್ಲಲಿಲ್ಲ. ವರ್ಷ ಕಳೆದಂತೆ ಆಟಗಳು ಬರೆಯುವ ರೀತಿಯೇ ಬದಲಾಯಿತು. ವಲ್ಕನ್, ಡೈರೆಕ್ಟ್‌ಎಕ್ಸ್ 12 ಎಂಬ ಹೊಸ ಪದ್ಧತಿಗಳು ಬಂದವು. 2016ರ ‘ಡೂಮ್’ ಆಟಕ್ಕೆ ವಲ್ಕನ್ ಸೇರಿಸಿದ್ದೇ ತಡ, ಎಎಂಡಿ ಕಾರ್ಡುಗಳು ನೆಗೆದುಬಿಟ್ಟವು. ಆಟಗಳ ಮೆಮೊರಿ ಹಸಿವು ಹೆಚ್ಚಿದಾಗ 580ರ 8 ಜಿಬಿ ಗೋಡೌನು ಕೈಹಿಡಿಯಿತು. ಬಾಗಿಲೂ ಅಗಲ: 580ರಲ್ಲಿ ಸೆಕೆಂಡಿಗೆ 256 ಜಿಬಿ, 1060ರಲ್ಲಿ 192. ಮೊದಲು ಹಿಂದಿದ್ದವನು ನಿಧಾನಕ್ಕೆ ಸಮಕ್ಕೆ ಬಂದ, ಹಲವು ಹೊಸ ಆಟಗಳಲ್ಲಿ ಮುಂದೆಯೂ ಹೋದ.

ತೀರ್ಪು? ಹಳೆ ಆಟಗಳೇ ಸಾಕು, ಕರೆಂಟು ಉಳಿಯಬೇಕು ಎನ್ನುವವರಿಗೆ 6 ಜಿಬಿಯ 1060. ತಕ್ಕಮಟ್ಟಿಗೆ ಹೊಸ ಆಟವೂ ಬೇಕು, ಪವರ್ ಸಪ್ಲೈ ಗಟ್ಟಿಯಿದೆ ಎನ್ನುವವರಿಗೆ 8 ಜಿಬಿಯ 580. 2014ರ 970 ಇವೆರಡಕ್ಕಿಂತ ತುಸು ಹಿಂದೆ. 1050 ಟಿಐ ಇನ್ನೂ ಹಿಂದೆ, ಆದರೆ ಅದರ ಗುಣ ಬೇರೆ. ಅದು ಮುಂದೆ ಬರುತ್ತದೆ.

ಒಂದೇ ಹೆಸರು, ಎರಡು ಮಾಲು!

ಗಿರಾಕಿ ಟೋಪಿ ಬೀಳುವುದು ಇಲ್ಲೇ. ಕಾರ್ಡಿನ ಹೆಸರು ಒಂದೇ ಇದ್ದರೂ ಒಳಗಿನ ಮಾಲು ಒಂದೇ ಎಂದು ಭಾವಿಸಬಾರದು. ಇದು ಬೀದಿ ಬದಿಯವರ ಕೈಚಳಕವಲ್ಲ, ಕಂಪನಿಗಳೇ ಹಾಗೆ ಮಾಡಿ ಮಾರಿವೆ.

ಜಿಟಿಎಕ್ಸ್ 1060 ಎಂದರೆ 6 ಜಿಬಿಯದೂ ಉಂಟು, 3 ಜಿಬಿಯದೂ ಉಂಟು. ಮೆಮೊರಿ ಅರ್ಧವಾದದ್ದು ಎಲ್ಲರಿಗೂ ಕಾಣುತ್ತದೆ. ಕಾಣದ್ದೇನೆಂದರೆ, ಕೋರ್ ಕೂಡ 1280ರಿಂದ 1152ಕ್ಕೆ ಇಳಿದಿದೆ. ಇವತ್ತಿನ ಆಟಗಳಿಗೆ 3 ಜಿಬಿ ಎಂದರೆ ಮದುವೆ ಮನೆಗೆ ಒಂದೇ ಬಿಂದಿಗೆ ನೀರು.

ಜಿಟಿ 1030 ಇನ್ನೂ ಸೋಜಿಗದ್ದು. 2017ರಲ್ಲಿ ಬಂದದ್ದು ಜಿಡಿಡಿಆರ್5 ಮೆಮೊರಿಯದು, ಬಾಗಿಲಿನ ಅಗಲ ಸೆಕೆಂಡಿಗೆ 48 ಜಿಬಿ. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯದು ಬಂತು, ಅಗಲ 16.8 ಜಿಬಿ. ಆಟದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು. ಡಬ್ಬದ ಮೇಲಿನ ದೊಡ್ಡಕ್ಷರ ಮಾತ್ರ ಹಾಗೇ ಇತ್ತು.

ಎಎಂಡಿಯೂ ಸಾಚಾ ಅಲ್ಲ. 2018ರ ಅಕ್ಟೋಬರಿನಲ್ಲಿ ಚೀನಾದ ಪೇಟೆಗೆ ‘ಆರ್‌ಎಕ್ಸ್ 580 2048ಎಸ್‌ಪಿ’ ಎಂಬುದನ್ನು ಬಿಟ್ಟಿತು. ಹೆಸರು 580, ಒಳಗಿನ ಕೋರ್ ಲೆಕ್ಕ 570ರದು. ಅಸಲಿ 580ರಲ್ಲಿ 2304 ಇರಬೇಕು. 2048 ಎಂದು ಕಂಡರೆ 570ರ ರೇಟು ಕೊಟ್ಟರೆ ಸಾಕು. ಓಡುವುದಿಲ್ಲ ಎಂದೇನಿಲ್ಲ, 570 ಕೂಡ ಒಳ್ಳೆಯ ಕಾರ್ಡೇ. ಆದರೆ ಜೀರಿಗೆ ಸಣ್ಣಕ್ಕಿಯ ದುಡ್ಡು ಕೊಟ್ಟು ದಪ್ಪಕ್ಕಿ ಯಾಕೆ ತರಬೇಕು?

970ರ ಕಥೆಯಂತೂ ಕೋರ್ಟು ಮೆಟ್ಟಿಲೇರಿತು. 4 ಜಿಬಿ ಎಂದು ಮಾರಿದ ಆ ಕಾರ್ಡಿನಲ್ಲಿ ಪೂರ್ತಿ ವೇಗದ ಮೆಮೊರಿ 3.5 ಜಿಬಿ ಮಾತ್ರ, ಉಳಿದ ಅರ್ಧ ಜಿಬಿ ಆಮೆ ನಡಿಗೆಯದು ಎಂಬುದು 2015ರ ಜನವರಿಯಲ್ಲಿ ಬಯಲಾಯಿತು. ಅಮೆರಿಕದಲ್ಲಿ ಗಿರಾಕಿಗಳು ದಾವೆ ಹೂಡಿದರು. 2016ರಲ್ಲಿ ಕಾರ್ಡಿಗೆ 30 ಡಾಲರಿನಂತೆ ಕೊಟ್ಟು ರಾಜಿಯಾಯಿತು.

ಇನ್ನು ಅಪ್ಪಟ ನಕಲಿ ಮಾಲು. ಹತ್ತಾರು ವರ್ಷ ಹಳೆಯ ಜಿಟಿಎಸ್ 450ರಂಥ ಕಾರ್ಡಿನೊಳಗಿನ ಬಯಾಸ್ ತಿದ್ದಿ, ಕಂಪ್ಯೂಟರಿಗೆ ಹಾಕಿದರೆ ‘1050 ಟಿಐ’ ಎಂದು ಹೆಸರು ತೋರಿಸುವಂತೆ ಮಾಡಿದವರುಂಟು. ಅದಕ್ಕೆ ಮದ್ದೂ ಉಂಟು. ಜಿಪಿಯು-ಝಡ್ ಎಂಬ ಪುಟ್ಟ ಪ್ರೋಗ್ರಾಮು ಪುಕ್ಕಟೆ ಸಿಗುತ್ತದೆ. 2018ರಿಂದ ಅದು ಇಂಥ ನಕಲಿಯನ್ನು ಕಂಡರೆ ಹೆಸರಿನ ಹಿಂದೆಯೇ ‘ಫೇಕ್’ ಎಂದು ಬರೆದು ತೋರಿಸುತ್ತದೆ. ಕೋರ್ ಎಷ್ಟು, ಮೆಮೊರಿ ಯಾವ ಜಾತಿ, ಬಾಗಿಲು ಎಷ್ಟು ಅಗಲ, ಎಲ್ಲವೂ ಅದರಲ್ಲಿ ಒಂದೇ ಕಿಟಕಿಯಲ್ಲಿ ಕಾಣುತ್ತದೆ. ಅಂಗಡಿಯವನು “ಅದೆಲ್ಲಾ ಯಾಕ್ ಸಾರ್, ನನ್ನ ಮೇಲೆ ನಂಬಿಕೆ ಇಲ್ವಾ?” ಎಂದರೆ, ನಂಬಿಕೆ ಇದೆ ಎಂದು ಹೇಳಿ ನಗುತ್ತಲೇ ನೋಡಿಕೊಂಡರಾಯಿತು.

ಗಣಿಯಲ್ಲಿ ದುಡಿದು ಬಂದದ್ದು

ಹಳೆ ಪೇಟೆಯಲ್ಲಿ 470, 480, 570, 580 ನಂಬರಿನ ಕಾರ್ಡುಗಳು ಯಾಕೆ ಇಷ್ಟೊಂದು? ಬಳ್ಳಾರಿಯ ಗಣಿಯಲ್ಲ, ಇದು ಡಿಜಿಟಲ್ ಗಣಿ. ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯವನ್ನು ‘ಅಗೆಯಲು’ ಇವು ಹೇಳಿ ಮಾಡಿಸಿದಂತಿದ್ದವು. ಒಂದೊಂದು ಚೌಕಟ್ಟಿಗೆ ಆರೆಂಟು ಕಾರ್ಡು ಜೋಡಿಸಿ ಹಗಲು ರಾತ್ರಿ ಓಡಿಸಿದರು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿತು, ಅಗೆಯುವ ಕೆಲಸವೇ ನಿಂತುಹೋಯಿತು. ಕಾರ್ಡುಗಳೆಲ್ಲ ಪೇಟೆಗೆ ಬಂದು ಬಿದ್ದವು.

ಗಣಿಯಿಂದ ಬಂದದ್ದೆಲ್ಲ ಕೆಟ್ಟ ಮಾಲು ಎನ್ನುವಂತಿಲ್ಲ. ಬುದ್ಧಿವಂತರು ಕರೆಂಟು ತಗ್ಗಿಸಿ, ತಂಪಾಗಿ ಓಡಿಸಿದ್ದಾರೆ. ಆದರೆ ಫ್ಯಾನು ಸವೆದಿರುತ್ತದೆ, ಚಿಪ್ಪಿನ ಮೇಲಿನ ಪೇಸ್ಟು ಒಣಗಿರುತ್ತದೆ. ಹೆಚ್ಚು ಅಗೆಯಲೆಂದು ಬಯಾಸ್ ಬದಲಿಸಿದ್ದರೆ ಆಟದ ನಡುವೆ ಪರದೆ ಕಪ್ಪಾಗುವುದೂ ಉಂಟು. ಫ್ಯಾನು, ಪೇಸ್ಟು, ಬಯಾಸ್ ಮೂರನ್ನೂ ತಿಳಿದವರು ಸರಿಪಡಿಸಬಲ್ಲರು. ಮೆಮೊರಿ ಚಿಪ್ಪು ಹೋಗಿದ್ದರೆ ಮಾತ್ರ ಕಷ್ಟ.

ಇನ್ನೊಂದು ವಿಚಿತ್ರ ಪ್ರಾಣಿಯಿದೆ: ‘ಪಿ106-100’. 1060ರ ಚಿಪ್ಪೇ, ಗಣಿಗೆಂದೇ 2017ರಲ್ಲಿ ಮಾಡಿದ್ದು. “1060ರ ತಮ್ಮ ಸಾರ್, ಅರ್ಧ ರೇಟು” ಎಂದು ಹೇಳಿ ಮುಂದಿಟ್ಟರೆ ಹಿಂದುಗಡೆ ತಿರುಗಿಸಿ ನೋಡಬೇಕು. ಮಾನಿಟರಿನ ಕೇಬಲ್ಲು ಚುಚ್ಚುವ ತೂತೇ ಇರುವುದಿಲ್ಲ!

ಕರೆಂಟಿನ ಕರಾಮತ್ತು

ಮನೆಗಳಲ್ಲಿ ಇರುವುದು ಹೆಚ್ಚಾಗಿ ಆಫೀಸುಗಳಿಂದ ಹೊರಬಿದ್ದ ಹಳೆ ಕಂಪ್ಯೂಟರು. ಅದರೊಳಗಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ಡಬ್ಬಿ, ಆಫೀಸಿನ ಕೆಲಸಕ್ಕೆ ಮಾಡಿದ್ದು. ಕಾರ್ಡಿಗೆ ಸ್ಲಾಟಿನಿಂದ 75 ವ್ಯಾಟ್ ಸಿಗುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಎಸ್‌ಎಂಪಿಎಸ್‌ನಿಂದ ಬೇರೆ ವೈರು ಬರಬೇಕು. ಆರು ಪಿನ್ನಿನ ವೈರಿನಲ್ಲಿ 75 ವ್ಯಾಟ್, ಎಂಟು ಪಿನ್ನಿನದರಲ್ಲಿ 150. ಬಹಳಷ್ಟು ಆಫೀಸ್ ಕಂಪ್ಯೂಟರುಗಳಲ್ಲಿ ಆ ವೈರೇ ಇರುವುದಿಲ್ಲ.

ಈಗ ಗೊತ್ತಾಯಿತೇ 1050 ಟಿಐನ ಗುಣ? ಅದರ ಬೇಡಿಕೆ 75 ವ್ಯಾಟ್. ಹೆಚ್ಚಿನ ಮಾದರಿಗಳಿಗೆ ಬೇರೆ ವೈರೇ ಬೇಡ, ಸ್ಲಾಟಿಗೆ ಸಿಕ್ಕಿಸಿದರೆ ಆಯಿತು. 2019ರ ಜಿಟಿಎಕ್ಸ್ 1650 ಕೂಡ 75 ವ್ಯಾಟಿನದೇ, ವೇಗ 1050 ಟಿಐಗಿಂತ ಮೇಲೆ. ಇದರಲ್ಲೂ ವೈರು ಬೇಡುವ ಮಾದರಿಗಳಿವೆ, ನೋಡಿ ಕೊಳ್ಳಬೇಕು. 1060ಕ್ಕೆ ಆರು ಪಿನ್ನಿನ ವೈರು ಬೇಕು. 580ಕ್ಕೆ ಎಂಟು ಪಿನ್ನು ಬೇಕು, 185 ವ್ಯಾಟ್ ಬೇಕು. ಲೇಬಲ್ಲಿನಲ್ಲಿ 450 ಎಂದು ಬರೆದು ಒಳಗೆ ಅಷ್ಟು ಗಟ್ಟಿಯಿಲ್ಲದ ಅಗ್ಗದ ಎಸ್‌ಎಂಪಿಎಸ್‌ಗೆ 580 ಕಟ್ಟುವುದೆಂದರೆ ಎಳೆಗರುವಿನ ಹೆಗಲಿಗೆ ನೊಗ ಹೂಡಿದಂತೆ. ಸುಟ್ಟರೆ ಅದೊಂದೇ ಸುಡುವುದಿಲ್ಲ, ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಬಹುದು.

ಬಿಲ್ಲಿನ ಲೆಕ್ಕವೂ ಇರಲಿ. ದಿನಕ್ಕೆ 4 ಗಂಟೆ ಪೂರ್ತಿ ಜೋರಿನಲ್ಲಿ ಆಡಿದರೆ 30 ದಿನಕ್ಕೆ ಕಾರ್ಡೊಂದೇ ತಿನ್ನುವುದು ಇಷ್ಟು: 1050 ಟಿಐ 9 ಯೂನಿಟ್, 1060 14.4 ಯೂನಿಟ್, 580 22.2 ಯೂನಿಟ್. ಪ್ರೊಸೆಸರು, ಮಾನಿಟರು ಬೇರೆ. ದೊಡ್ಡ ಮೊತ್ತವೇನಲ್ಲ ಎನ್ನಬಹುದು. ಆದರೆ 2023ರಲ್ಲಿ ಶುರುವಾದ ಗೃಹಜ್ಯೋತಿಯ ಸೊನ್ನೆ ಬಿಲ್ಲು ನಂಬಿದ ಮನೆಗೆ ಪ್ರತಿ ಯೂನಿಟ್ಟೂ ಲೆಕ್ಕವೇ. ಮನೆಗೆ ಗೊತ್ತು ಮಾಡಿದ ಮಿತಿ ಮೀರಿದಷ್ಟಕ್ಕೆ ದುಡ್ಡು ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ಲೇ ಕೈಗೆ ಬರುತ್ತದೆ.

ಕೇಬಲ್ಲಿನದೂ ಒಂದು ಮಾತು. ನೀಲಿ ಬಣ್ಣದ ವಿಜಿಎ ಕೇಬಲ್ಲಿನ ಹಳೆ ಮಾನಿಟರಿಗೆ ಎನ್‌ವಿಡಿಯಾದ 10ರ ಸಾಲು, ಎಎಂಡಿಯ 400ರ ಸಾಲಿನ ಕಾರ್ಡುಗಳನ್ನು ನೇರ ಜೋಡಿಸಲಾಗದು. ಆ ಬಗೆಯ ಸಿಗ್ನಲ್ಲನ್ನೇ ಅವು ಕೊಡುವುದಿಲ್ಲ. ಸಿಗ್ನಲ್ ಬದಲಿಸುವ ಕನ್ವರ್ಟರ್ ಬೇಕು. ಇದನ್ನು ತಿಳಿಯದೆ ಮನೆಗೆ ತಂದು, ಕಾರ್ಡೇ ಸತ್ತಿದೆಯೆಂದು ಮತ್ತೆ ಬಸ್ಸು ಹತ್ತುವಂತಾಗಬಾರದು.

ಆಟ ಯಾವುದಪ್ಪಾ?

ಕಾರ್ಡು ಕೇಳುವ ಮೊದಲು ಮಗನನ್ನು ಕೇಳಬೇಕಾದ ಪ್ರಶ್ನೆ ಇದು. ‘ವ್ಯಾಲರೆಂಟ್’ ಮಾತ್ರ ಆಡುವವನಿಗೆ ದೊಡ್ಡ ಕಾರ್ಡು ದಂಡ. 2020ರಲ್ಲಿ ಆ ಆಟ ಬಂದಾಗ ಕಂಪನಿಯೇ ಕೊಟ್ಟ ಪಟ್ಟಿಯಲ್ಲಿ ಸೆಕೆಂಡಿಗೆ 60 ಚಿತ್ರಕ್ಕೆ ಜಿಟಿ 730, 144 ಚಿತ್ರಕ್ಕೆ 1050 ಟಿಐ ಸಾಕೆಂದಿತ್ತು. 2015ರಲ್ಲಿ ಕಂಪ್ಯೂಟರಿಗೆ ಬಂದ ‘ಜಿಟಿಎ 5’ ಆಟಕ್ಕೆ ಶಿಫಾರಸಾದದ್ದು 2 ಜಿಬಿಯ ಜಿಟಿಎಕ್ಸ್ 660. ಇವೆರಡಕ್ಕೂ 1050 ಟಿಐ ಧಾರಾಳ.

2019ರ ‘ರೆಡ್ ಡೆಡ್ ರಿಡೆಂಪ್ಶನ್ 2’ ಬಂದಾಗ ಶಿಫಾರಸು 6 ಜಿಬಿಯ 1060ಕ್ಕೋ ಆರ್‌ಎಕ್ಸ್ 480ಕ್ಕೋ ಏರಿತು. 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್ ಆಟವಂತೂ ರೇ ಟ್ರೇಸಿಂಗ್ ಯಂತ್ರಾಂಗವಿರುವ ಕಾರ್ಡನ್ನೇ ಕೇಳುತ್ತದೆ. ಬೆಳಕಿನ ಕಿರಣದ ದಾರಿ ಲೆಕ್ಕ ಹಾಕುವ ಆ ಅಂಗ 1060ರಲ್ಲೂ ಇಲ್ಲ, 580ರಲ್ಲೂ ಇಲ್ಲ, 1660ರಲ್ಲೂ ಇಲ್ಲ. ಎಷ್ಟೇ ಚೌಕಾಸಿ ಮಾಡಿ ತಂದಿದ್ದರೂ ಆ ಆಟದ ಪಾಲಿಗೆ ಇವೆಲ್ಲ ಒಂದೇ.

ಪರದೆಯ ಲೆಕ್ಕದಲ್ಲೂ ಉಳಿತಾಯವುಂಟು. ಹಳೆ ಮಾನಿಟರು 1366 ಗುಣಿಸು 768ರದ್ದಾದರೆ ಚುಕ್ಕಿಗಳು 10,49,088. 1080ಪಿಯ ಸುಮಾರು ಅರ್ಧ ಕೆಲಸ. ಚಿಕ್ಕ ಕಾರ್ಡೂ ಅಲ್ಲಿ ಉಸಿರಾಡುತ್ತದೆ. ಇನ್ನು, ಜಿಟಿ 1030 ಕೊಳ್ಳುವ ಯೋಚನೆಯಿದ್ದವರು ಒಮ್ಮೆ ನಿಂತು ನೋಡಬೇಕು. 2018ರ ರೈಜನ್ 3 2200ಜಿಯಂಥ ಪ್ರೊಸೆಸರುಗಳ ಒಳಗೇ ಇರುವ ಗ್ರಾಫಿಕ್ಸು ಹೆಚ್ಚುಕಡಿಮೆ ಅದೇ ಮಟ್ಟದ್ದು. ಇಡೀ ಕಂಪ್ಯೂಟರನ್ನೇ ಬದಲಿಸುವ ಮನಸ್ಸಿದ್ದರೆ ಕಾರ್ಡಿನ ದುಡ್ಡು ಉಳಿಯಿತು.

ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರಿಗೂ ಒಂದು ಕಿವಿಮಾತು. ವಿಡಿಯೋವನ್ನು ಬೇಗ ಕಟ್ಟಿಕೊಡುವ ಎನ್‌ಕೋಡರ್ ಎಂಬ ಅಂಗ 1050 ಟಿಐ, 1060, 1650ರಲ್ಲಿದೆ. ಜಿಟಿ 1030ರಲ್ಲಿ ಇಲ್ಲ. ಹಗಲು ಸ್ಟುಡಿಯೋ ಕೆಲಸ, ರಾತ್ರಿ ಮಗನ ಆಟ ಎನ್ನುವವರಿಗೆ ಇದೂ ಮುಖ್ಯ.

ಈ ಡ್ರೈವರಿಗೂ ನಿವೃತ್ತಿ ಉಂಟು

ಡ್ರೈವರ್ ಎಂದರೆ ಬಸ್ಸಿನ ಡ್ರೈವರಲ್ಲ. ಕಾರ್ಡಿಗೂ ಕಂಪ್ಯೂಟರಿಗೂ ಮಾತು ಕೂಡಿಸುವ ಸಾಫ್ಟ್‌ವೇರು. ಹೊಸ ಆಟ ಬಂದಾಗಲೆಲ್ಲ ಕಂಪನಿ ಹೊಸ ಡ್ರೈವರ್ ಕೊಡುತ್ತಿರುತ್ತದೆ. ಅದು ನಿಂತರೆ ಕಾರ್ಡು ಸಾಯುವುದಿಲ್ಲ, ಆದರೆ ಮುಂದೆ ಬರುವ ಆಟಗಳ ಪಾಲಿಗೆ ಅನಾಥ.

750 ಟಿಐ, 900ರ ಸಾಲು, 10ರ ಸಾಲಿನ ಕಾರ್ಡುಗಳಿಗೆ ಆಟಕ್ಕೆಂದು ಕೊಡುವ ಡ್ರೈವರನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ಮುಗಿಸಿತು. ಭದ್ರತೆಯ ತೇಪೆ ಮಾತ್ರ 2028ರ ಅಕ್ಟೋಬರಿನವರೆಗೆ ಕೊಡುವುದಾಗಿ ಹೇಳಿದೆ. ಹೆಸರುವಾಸಿ 1060, 970, 1050 ಟಿಐ ಮೂರೂ ಈ ಪಟ್ಟಿಗೆ ಬಿದ್ದವು. ಎಎಂಡಿಯೂ 2023ರಲ್ಲೇ 480, 580ರ ಗುಂಪನ್ನು ಹೊಸ ಕಾರ್ಡುಗಳ ಪಂಕ್ತಿಯಿಂದ ಎಬ್ಬಿಸಿ, ಅಗತ್ಯದ ತಿದ್ದುಪಡಿ ಮಾತ್ರ ಬಡಿಸುವ ಪಂಕ್ತಿಯಲ್ಲಿ ಕೂರಿಸಿತು.

2019ರ 1650, 1660 ಸೂಪರ್ ಕಾರ್ಡುಗಳು ಮುಂದಿನ ತಲೆಮಾರಿನವು, 2025ರ ಆ ಪಟ್ಟಿಯಲ್ಲಿಲ್ಲ. 1660 ಸೂಪರ್‌ನಲ್ಲಿ 6 ಜಿಬಿ ಮೆಮೊರಿ, ಬಾಗಿಲು ಸೆಕೆಂಡಿಗೆ 336 ಜಿಬಿ, ಬೇಡಿಕೆ 125 ವ್ಯಾಟ್. 1060ರಷ್ಟೇ ಕರೆಂಟಿನಲ್ಲಿ ಅದಕ್ಕಿಂತ ಸಾಕಷ್ಟು ಮುಂದಿನ ಓಟ. ಹೀಗಾಗಿ 1060ಕ್ಕೂ 1660 ಸೂಪರ್‌ಗೂ ರೇಟಿನಲ್ಲಿ ಸ್ವಲ್ಪವೇ ಅಂತರವಿದ್ದರೆ, ಆ ಸ್ವಲ್ಪವನ್ನು ಕೊಟ್ಟುಬಿಡುವುದೇ ಜಾಣತನ. ಅಂತರ ಬಹಳವಿದ್ದರೆ, ಆಡುವುದು ಹಳೆ ಆಟಗಳೇ ಆದರೆ, 1060ಕ್ಕೋ 580ಕ್ಕೋ ಹೂಂ ಅನ್ನಬಹುದು.

ದುಡ್ಡು ಎಣಿಸುವ ಮೊದಲು

ಬಸ್ಸು ಹತ್ತುವ ಮುಂಚೆ ಒಂದು ಚೀಟಿಯಲ್ಲಿ ಐದು ಸಾಲು ಬರೆದುಕೊಳ್ಳಬೇಕು. ಎಸ್‌ಎಂಪಿಎಸ್ ಎಷ್ಟು ವ್ಯಾಟು, ಯಾವ ಕಂಪನಿಯದು. ಆರು ಪಿನ್ನಿನ, ಎಂಟು ಪಿನ್ನಿನ ವೈರು ಇದೆಯೇ. ಕ್ಯಾಬಿನೆಟ್ಟಿನೊಳಗೆ ಎಷ್ಟು ಅಂಗುಲ ಜಾಗ, ಸಪೂರ ಡಬ್ಬಿಯಾದರೆ ಗಿಡ್ಡ ಕಾರ್ಡೇ ಬೇಕು. ಮಾನಿಟರಿನ ಹಿಂದೆ ಯಾವ ತೂತು. ಆಡುವ ಆಟಗಳ ಹೆಸರು. ಈ ಚೀಟಿ ಕೈಲಿದ್ದರೆ ಅಂಗಡಿಯವರಿಗೂ ಸಲೀಸು, ಒಳ್ಳೆಯ ವ್ಯಾಪಾರಿ ಇಂಥ ಗಿರಾಕಿಯನ್ನು ಕಂಡರೆ ಸಂತೋಷಪಡುತ್ತಾನೆ.

ಅಂಗಡಿಯಲ್ಲಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿಸಿಯೇ ನೋಡಬೇಕು. ಜಿಪಿಯು-ಝಡ್‌ನಲ್ಲಿ ಕೋರ್, ಮೆಮೊರಿ ತಾಳೆ ಮಾಡಬೇಕು. ಭಾರದ ಪರೀಕ್ಷೆಗೆ ಹಚ್ಚಿ ಕಾಲು ಗಂಟೆಯಾದರೂ ನಿಲ್ಲಬೇಕು, ಅಷ್ಟರಲ್ಲಿ ಒಂದು ಟೀ ಆಗುತ್ತದೆ. ಪರದೆಯಲ್ಲಿ ಬಣ್ಣ ಬಣ್ಣದ ಚುಕ್ಕಿ, ಗೆರೆ ಕಂಡರೆ ಮೆಮೊರಿ ಹೋಗಿದೆ ಎಂದೇ ಅರ್ಥ, ಎಷ್ಟು ಕಡಿಮೆ ಮಾಡಿದರೂ ಬೇಡ. ಫ್ಯಾನು ಕರಕರ ಎಂದರೆ ರೇಟಿನಲ್ಲಿ ಇಳಿಸಿ ಕೇಳಬಹುದು. ಹಿಂದಿನ ತೂತುಗಳಿಗೆ ಒಂದೊಂದಾಗಿ ಕೇಬಲ್ಲು ಚುಚ್ಚಿ ನೋಡಬೇಕು.

ಕೊನೆಯದು ಬಿಲ್ಲು. ಕಾರ್ಡಿನ ಸೀರಿಯಲ್ ನಂಬರು ಬರೆದು, ಎಷ್ಟು ದಿನದೊಳಗೆ ಕೆಟ್ಟರೆ ಬದಲಿಸಿಕೊಡುತ್ತಾರೆ ಎಂಬುದನ್ನೂ ಬರೆಸಿ, ಸೀಲು ಹಾಕಿಸಿಕೊಳ್ಳಬೇಕು. “ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ತೀನಿ” ಎಂಬ ಮಾತಿಗೆ ಮರುಳಾದರೆ, ಮರುದಿನ ಪರದೆ ಕಪ್ಪಾದಾಗ ಕೇಳುವುದಕ್ಕೆ ಕೈಯಲ್ಲಿ ಒಂದು ತುಂಡು ಕಾಗದವೂ ಇರುವುದಿಲ್ಲ.